ಬಣ್ಣ ಹಚ್ಚುವುದು, ಒಲ್ಲೆನ್ನುವುದು: ಸಿಸಿಲಿ ಟೈಸನ್ ಎಂಬ ನಟಿ

ಕನ್ನಡದಲ್ಲಿ ನಾಟಕಕ್ಕೆ ಇಳಿಯುವುದನ್ನು ‘ಬಣ್ಣ ಹಚ್ಚುವುದು’ ಎನ್ನುತ್ತೇವೆ. ಬಣ್ಣ ಹಚ್ಚಿದವನು ರಾಜನಾಗುತ್ತಾನೆ, ತೊಳೆದ ಮೇಲೆ ಮತ್ತೆ ಊರಿನವನಾಗುತ್ತಾನೆ. ಈ ಮಾತಿನ ಹಿಂದೆ ಒಂದು ನಂಬಿಕೆ ಅಡಗಿದೆ. ನಟನ ಮೈ ಸುಣ್ಣ ಬಳಿದ ಖಾಲಿ ಗೋಡೆ ಇದ್ದ ಹಾಗೆ, ಅದರ ಮೇಲೆ ಯಾವ ಚಿತ್ರ ಬೇಕಾದರೂ ಬರೀಬಹುದು ಅಂತ. ಆದರೆ ಹುಟ್ಟುವಾಗಲೇ ಸಮಾಜ ಬಣ್ಣ ಬಳಿದು ಕಳಿಸಿದ ಮೈಗಳಿವೆ. ತೊಳೆದರೆ ಹೋಗದ ಬಣ್ಣ ಅದು. ಅಂಥ ಮೈ ರಂಗಕ್ಕೆ ಬಂದಾಗ ಪ್ರೇಕ್ಷಕ ಮೊದಲು ನೋಡುವುದು ಪಾತ್ರವನ್ನಲ್ಲ, ಆ ಮೈಯನ್ನು. ಅಮೆರಿಕದಲ್ಲಿ ಅದು ಚರ್ಮದ ಬಣ್ಣ. ನಮ್ಮಲ್ಲಿ ಅದು ಹೆಸರು, ಕೇರಿ, ಮಾತಿನ ಧಾಟಿ.

ನಮ್ಮ ದಲಿತ ವಿಮರ್ಶೆ ಎಪ್ಪತ್ತರ ದಶಕದಿಂದ ಕವಿತೆ, ಕತೆ, ಆತ್ಮಕಥನಗಳ ಸುತ್ತ ಬೆಳೆದು ಬಂತು. ಯಾರು ಬರೆದರು, ಯಾರ ಬಗ್ಗೆ ಬರೆದರು, ಯಾವ ಭಾಷೆಯಲ್ಲಿ ಬರೆದರು ಎಂಬ ಪ್ರಶ್ನೆಗಳನ್ನು ಅದು ಗಟ್ಟಿಯಾಗಿ ಕೇಳಿತು. ಆದರೆ ಯಾರು ಆಡಿದರು, ಯಾರ ಪಾತ್ರ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದನ್ನು ಕೇಳಿದ್ದು ಕಡಿಮೆ. ನಟ ನಟಿಯರ ಬದುಕು ಸಿನಿಮಾ ಪುಟದ ಸರಕು, ವಿಮರ್ಶೆಗೆ ತಕ್ಕುದಲ್ಲ ಎಂಬ ಭಾವನೆ ನಮ್ಮಲ್ಲೂ ಉಳಿದುಬಿಟ್ಟಿದೆ. ಅದಕ್ಕಾಗಿಯೇ ಈ ವಿಶೇಷ ಸಂಚಿಕೆಯಲ್ಲಿ ಒಬ್ಬ ಕಪ್ಪು ನಟಿಯ ಕತೆಯನ್ನು ಹೇಳಬೇಕೆಂದುಕೊಂಡೆ. ಆಕೆಯ ಹೆಸರು ಸಿಸಿಲಿ ಟೈಸನ್. ಏಳು ದಶಕದಷ್ಟು ಕಾಲ ರಂಗಭೂಮಿ, ಟೆಲಿವಿಷನ್, ಸಿನಿಮಾಗಳಲ್ಲಿ ದುಡಿದು 2021ರ ಜನವರಿ 28ರಂದು, 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಕೆ ಒಪ್ಪಿಕೊಂಡು ಆಡಿದ ಪಾತ್ರಗಳಷ್ಟೇ ಒಲ್ಲೆನೆಂದ ಪಾತ್ರಗಳೂ ಮುಖ್ಯ ಎಂಬುದು ನನ್ನ ವಾದ. ಒಲ್ಲೆ ಅನ್ನೋದೂ ಒಂದು ವಿಮರ್ಶೆಯೇ.

1

ಟೈಸನ್‌ಗಿಂತ ಮುಂಚಿನ ಕತೆಯನ್ನು ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಆಕೆ ಯಾವ ಬಾಗಿಲನ್ನು ತಳ್ಳಿದರು ಎಂಬುದು ತಿಳಿಯುವುದಿಲ್ಲ.

ಅಮೆರಿಕದ ಸಿನಿಮಾ ಮತ್ತು ಟೆಲಿವಿಷನ್ನಿನಲ್ಲಿ ಕಪ್ಪು ಹೆಂಗಸಿಗೆ ಬಹುಕಾಲ ತೆರೆದಿದ್ದದ್ದು ಒಂದೇ ಬಾಗಿಲು, ಅದು ಅಡುಗೆಮನೆಯ ಹಿಂಬಾಗಿಲು. 1939ರ ‘ಗಾನ್ ವಿತ್ ದ ವಿಂಡ್’ ಚಿತ್ರದಲ್ಲಿ ಮನೆಯಾಳಿನ ಪಾತ್ರ ಮಾಡಿದ ಹ್ಯಾಟಿ ಮ್ಯಾಕ್‌ಡೇನಿಯಲ್‌ಗೆ 1940ರಲ್ಲಿ ಆಸ್ಕರ್ ಬಂತು. ಕಪ್ಪು ಜನಾಂಗಕ್ಕೆ ಬಂದ ಮೊದಲ ಆಸ್ಕರ್ ಅದು. ಆದರೆ ಪ್ರಶಸ್ತಿ ಸಮಾರಂಭ ನಡೆದ ಹೋಟೆಲು ಬಿಳಿಯರದು. ಆಕೆಯನ್ನು ಚಿತ್ರತಂಡದ ಜೊತೆ ಕೂರಿಸದೆ ದೂರದ ಗೋಡೆಯ ಬದಿಯ ಬೇರೆ ಮೇಜಿನಲ್ಲಿ ಕೂರಿಸಿದರು. ಅಟ್ಲಾಂಟಾ ಪಟ್ಟಣದಲ್ಲಿ ಚಿತ್ರದ ಮೊದಲ ಪ್ರದರ್ಶನಕ್ಕಂತೂ ಆಕೆ ಹೋಗುವಂತೆಯೇ ಇರಲಿಲ್ಲ. ಊಟದ ಪಂಕ್ತಿ ಯಾವುದು, ಎಲೆ ಹಾಕುವುದು ಎಲ್ಲಿ ಎಂಬ ವಿಚಾರ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1950ರಲ್ಲಿ ‘ಬ್ಯೂಲಾ’ ಎಂಬ ಟೆಲಿವಿಷನ್ ಸರಣಿ ಶುರುವಾಯಿತು. ಅದರ ನಾಯಕಿ ಎಥೆಲ್ ವಾಟರ್ಸ್. ದೊಡ್ಡ ಗಾಯಕಿ, ದೊಡ್ಡ ರಂಗನಟಿ. ಕಪ್ಪು ಹೆಂಗಸೊಬ್ಬಳು ಮುಖ್ಯ ಪಾತ್ರದಲ್ಲಿದ್ದ ಸರಣಿ ಅಲ್ಲಿಯವರೆಗೆ ಬಂದಿರಲಿಲ್ಲ. ಆದರೆ ಬ್ಯೂಲಾ ಯಾರು? ಬಿಳಿಯರ ಮನೆಯ ನಗುಮುಖದ ಕೆಲಸದಾಕೆ. ಮನೆಯವರ ಕಷ್ಟವೆಲ್ಲ ಅವಳದ್ದು, ಅವಳ ಕಷ್ಟ ಯಾರದ್ದೂ ಅಲ್ಲ. ಕಪ್ಪು ಜನರ ಸಂಘಟನೆಗಳು ಇಂಥ ಪಾತ್ರಗಳನ್ನು ವಿರೋಧಿಸಿದವು. ಮನೆಗೆಲಸ ಮಾಡಿ ಅಷ್ಟು ಕಮ್ಮಿ ಕೂಲಿ ತಗೊಳ್ಳೋದಕ್ಕಿಂತ ಮನೆಗೆಲಸದವಳ ಪಾತ್ರ ಮಾಡಿ ಅಷ್ಟು ದುಡ್ಡು ತಗೊಳ್ಳೋದು ವಾಸಿ ಎಂಬರ್ಥದ ಉತ್ತರ ಮ್ಯಾಕ್‌ಡೇನಿಯಲ್ ಹೆಸರಿನಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ಆ ಉತ್ತರವನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ಹೊಟ್ಟೆ ತುಂಬಿದ ವಿಮರ್ಶಕನಿಗಿಲ್ಲ. ಆದರೂ ಆ ಉತ್ತರ ಅಡುಗೆಮನೆಯಿಂದ ಹೊರಬರುವ ದಾರಿ ತೋರಿಸಲಿಲ್ಲ. ಆ ದಾರಿ ಹುಡುಕಿದವರಲ್ಲಿ ಟೈಸನ್ ಒಬ್ಬರು.

2

ಸಿಸಿಲಿ ಟೈಸನ್ ಹುಟ್ಟಿದ್ದು 1924ರ ಡಿಸೆಂಬರ್ 19ರಂದು, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಅಂಬೇಡ್ಕರ್ ಅವರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲೇ ಈ ಹಾರ್ಲೆಮ್ ಇದೆ. ಟೈಸನ್‌ರ ತಂದೆ ತಾಯಿ ಕೆರಿಬಿಯನ್ ಸಮುದ್ರದ ನೆವಿಸ್ ಎಂಬ ಪುಟ್ಟ ದ್ವೀಪದಿಂದ ವಲಸೆ ಬಂದವರು. ನೆವಿಸ್ ಎಂದರೆ ಕಬ್ಬಿನ ತೋಟಗಳ ದ್ವೀಪ. ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರ ಬೆವರಿನಿಂದ ಸಕ್ಕರೆ ಮಾಡಿದ ನೆಲ. ಬ್ರಿಟಿಷ್ ಸಾಮ್ರಾಜ್ಯದ ಆ ಭಾಗದಲ್ಲಿ ಗುಲಾಮಗಿರಿ 1834ರಲ್ಲಿ ಕಾನೂನಿನ ಮಟ್ಟಿಗೆ ಕೊನೆಗೊಂಡಿತು. ಹತ್ತೊಂಬತ್ತನೆಯ ಶತಮಾನದ ಅದೇ ನಡುಗಾಲದಲ್ಲಿ ನಮ್ಮ ಬಾಬಾಬುಡನ್‌ಗಿರಿ, ಮೂಡಿಗೆರೆ, ಕಳಸದ ಬೆಟ್ಟಗಳಲ್ಲಿ ಯುರೋಪಿಯನ್ ಪ್ಲಾಂಟರುಗಳು ಕಾಡು ಕಡಿಸಿ ಕಾಫಿ ಹಾಕಿಸುತ್ತಿದ್ದರು. ಮೋಖಾದಿಂದ ಬಾಬಾಬುಡನ್ ಏಳು ಬೀಜ ತಂದರು ಎಂಬ ಐತಿಹ್ಯ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಆ ಬೀಜಗಳ ಸಂತತಿಯನ್ನು ಕುಯ್ದು, ಹೊತ್ತು, ಕಣದಲ್ಲಿ ಹರವಿದ ಕೈಗಳ ಲೆಕ್ಕ ಯಾರ ಬಾಯಲ್ಲೂ ಇಲ್ಲ. ಘಟ್ಟದ ಕೆಳಗಿನಿಂದಲೂ, ಬಯಲುಸೀಮೆಯಿಂದಲೂ, ತಮಿಳು ನಾಡಿನಿಂದಲೂ ಮೇಸ್ತ್ರಿಗಳು ಮುಂಗಡ ಕೊಟ್ಟು ತಂದ ಆ ಜನರಲ್ಲಿ ಬಹುಪಾಲು ನಮ್ಮವರೇ. ಒಂದು ಕಡೆ ಸಕ್ಕರೆ, ಇನ್ನೊಂದು ಕಡೆ ಕಾಫಿ. ಲೋಟದಲ್ಲಿ ಎರಡೂ ಸೇರುತ್ತವೆ. ಬೆಳೆದವರ ಕತೆಗಳು ಮಾತ್ರ ಇನ್ನೂ ಸೇರಿಲ್ಲ.

ತಂದೆ ಬಡಗಿ ಕೆಲಸ, ಬಣ್ಣ ಹೊಡೆಯುವ ಕೆಲಸ ಮಾಡುತ್ತಿದ್ದರು. ತಾಯಿ ಫ್ರೆಡೆರಿಕಾ ಬಿಳಿಯರ ಮನೆಗಳಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಚರ್ಚು ಬಿಟ್ಟರೆ ಬೇರೆ ಲೋಕವಿಲ್ಲದ ಕಟ್ಟುನಿಟ್ಟಿನ ಹೆಂಗಸು. ಮನೆಯಲ್ಲಿ ಸಿನಿಮಾ, ನಾಟಕ ಎಂಬ ಮಾತೇ ಪಾಪ. ಸಿಸಿಲಿಗೆ ಹದಿನೆಂಟರ ಹೊತ್ತಿಗೆ, 1942ರಲ್ಲಿ, ಮದುವೆಯಾಯಿತು. ಒಂದು ಹೆಣ್ಣು ಮಗು ಹುಟ್ಟಿತು. ಗಂಡ ಉಳಿಯಲಿಲ್ಲ. ಮಗುವನ್ನು ಸಾಕಲು ಆಕೆ ಅಮೆರಿಕದ ರೆಡ್‌ಕ್ರಾಸ್ ಕಚೇರಿಯಲ್ಲಿ ಟೈಪಿಸ್ಟ್ ಆದರು. ಜೀವನವಿಡೀ ಟೈಪ್‌ರೈಟರ್ ಕುಟ್ಟುವುದಕ್ಕೆ ದೇವರು ತನ್ನನ್ನು ಹುಟ್ಟಿಸಿರಲಿಕ್ಕಿಲ್ಲ ಎನ್ನಿಸಿ ಬೇಸತ್ತು ಎದ್ದು ಬಂದರಂತೆ. ಮೊದಲು ಮಾಡೆಲ್ ಆದರು, ಆಮೇಲೆ ನಟನೆ ಕಲಿಯಲು ಹೋದರು. ವೃತ್ತಿಗಿಳಿದಾಗ ಮೂವತ್ತು ದಾಟಿತ್ತು. ನಟಿಗೆ ವಯಸ್ಸಾಗಬಾರದು ತಾನೆ? ಹತ್ತು ವರ್ಷ ಕಡಿಮೆ ಹೇಳಿಕೊಂಡರು. ಹೀಗಾಗಿ ಅನೇಕ ಹಳೆಯ ಪುಸ್ತಕಗಳಲ್ಲಿ ಆಕೆಯ ಹುಟ್ಟಿದ ವರ್ಷ 1933 ಎಂದೇ ಇದೆ.

ಮಗಳು ನಟಿಯಾಗುತ್ತಾಳೆ ಎಂದು ತಿಳಿದ ದಿನ ತಾಯಿ ಮನೆ ಬಿಟ್ಟು ಹೋಗು ಎಂದರು. ಸುಮಾರು ಎರಡು ವರ್ಷ ಮಾತು ಬಿಟ್ಟರು. ಇದನ್ನು ಧಾರ್ಮಿಕ ಮೂಢತನ ಎಂದು ಸುಮ್ಮನಾಗುವುದು ಸುಲಭ. ನಾನು ಹಾಗೆ ನೋಡಲಾರೆ. ಪರರ ಮನೆಯಲ್ಲಿ ದುಡಿಯುವ ಹೆಂಗಸಿಗೆ ತನ್ನ ಮಗಳ ಮೈಯನ್ನು ಪರರು ನೋಡುವ ಕಣ್ಣು ಎಂಥದು ಅಂತ ಗೊತ್ತಿರುತ್ತದೆ. ನಮ್ಮ ಕೇರಿಯ ತಾಯಂದಿರೂ ಮಗಳು ಗೆಜ್ಜೆ ಕಟ್ಟುತ್ತೇನೆಂದರೆ ಬೆಚ್ಚುತ್ತಾರೆ. ಯಾಕೆ? ಈ ನಾಡಿನಲ್ಲಿ ದಲಿತ ಹೆಣ್ಣಿಗೆ ಹಾಡು ಕುಣಿತವನ್ನು ಧರ್ಮವೇ ಕೊಟ್ಟಿತ್ತು, ಮುತ್ತು ಕಟ್ಟಿ, ಬಸವಿ ಬಿಟ್ಟು. ಕರ್ನಾಟಕದಲ್ಲಿ ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬರಲು 1982 ಆಗಬೇಕಾಯಿತು. ಕಲೆ ಎಂಬ ಹೆಸರಿನಲ್ಲಿ ಮೈಯನ್ನು ಕಸಿದುಕೊಂಡ ಚರಿತ್ರೆ ಇರುವಲ್ಲಿ ತಾಯಿಯ ಭಯವೂ ಒಂದು ತಿಳಿವಳಿಕೆ. ಟೈಸನ್ ತಾಯಿಯನ್ನು ಧಿಕ್ಕರಿಸಿ ಹೊರಟರು ನಿಜ. ಆದರೆ ಆ ತಾಯಿಯ ಭಯವನ್ನು ಬದುಕಿಡೀ ಜೊತೆಗೆ ಒಯ್ದರು. ಯಾವ ಪಾತ್ರ ಮಾಡಿದರೆ ಅವ್ವ ತಲೆ ತಗ್ಗಿಸುತ್ತಾಳೋ ಅಂಥದ್ದನ್ನು ಮಾಡಬಾರದು ಎಂಬ ಅಳತೆಗೋಲು ಆಕೆಗೆ ಸಿಕ್ಕಿದ್ದು ಇಲ್ಲಿಂದಲೇ ಇರಬೇಕು.

3

1961ರಲ್ಲಿ ನ್ಯೂಯಾರ್ಕಿನ ಒಂದು ಸಣ್ಣ ರಂಗಮಂದಿರದಲ್ಲಿ ಫ್ರೆಂಚ್ ನಾಟಕಕಾರ ಜಾನ್ ಜೆನೆಯ ‘ದಿ ಬ್ಲ್ಯಾಕ್ಸ್’ ರಂಗಕ್ಕೆ ಬಂತು. 1,408 ಪ್ರದರ್ಶನ ಕಂಡ ನಾಟಕ ಅದು. ಜೇಮ್ಸ್ ಅರ್ಲ್ ಜೋನ್ಸ್, ಮಾಯಾ ಏಂಜಲೋ, ರಾಸ್ಕೋ ಲೀ ಬ್ರೌನ್, ಲೂಯಿ ಗಾಸೆಟ್ ಮುಂತಾದ ಕಪ್ಪು ಕಲಾವಿದರ ಒಂದು ತಲೆಮಾರೇ ಅದರಲ್ಲಿತ್ತು. ಟೈಸನ್ ‘ವರ್ಚ್ಯೂ’ ಎಂಬ ಪಾತ್ರ ಮಾಡಿದರು.

ಈ ನಾಟಕದ ರಚನೆ ವಿಚಿತ್ರ. ಆಡುವವರೆಲ್ಲ ಕಪ್ಪು ಜನ. ಅವರಲ್ಲಿ ಕೆಲವರು ಬಿಳಿ ಮುಖವಾಡ ಹಾಕಿಕೊಂಡು ರಾಣಿ, ನ್ಯಾಯಾಧೀಶ, ಗವರ್ನರ್, ಪಾದ್ರಿ ಆಗುತ್ತಾರೆ. ಎತ್ತರದಲ್ಲಿ ಕೂತು ಕೆಳಗಿನ ಕಪ್ಪು ಜನರ ಆಟವನ್ನು ನೋಡುತ್ತಾರೆ. ಬಿಳಿಯರು ಮುಖಕ್ಕೆ ಮಸಿ ಬಳಿದು ಕಪ್ಪು ಜನರನ್ನು ಅಣಕಿಸುತ್ತಿದ್ದ ಹಳೆಯ ಅಮೆರಿಕನ್ ಆಟವನ್ನು ತಲೆಕೆಳಗು ಮಾಡಿದ ಹಾಗಾಯಿತು. ದಬ್ಬಾಳಿಕೆ ಮಾಡುವವನ ಮುಖವೂ ಒಂದು ಮುಖವಾಡವೇ, ಅದನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು ಎಂದು ಪ್ರೇಕ್ಷಕನಿಗೆ ತೋರಿಸುವುದು ಅದರ ಉದ್ದೇಶ.

ಘಟ್ಟದ ಕೆಳಗಿನ ಭೂತದ ಕೋಲ ನೋಡಿದವರಿಗೆ ಇದು ತೀರಾ ಅಪರಿಚಿತವಲ್ಲ. ಅಲ್ಲಿ ಪಂಬದ, ನಲಿಕೆ, ಪರವ ಜಾತಿಗಳವರು ಮುಖಕ್ಕೆ ಬಣ್ಣ ಹಚ್ಚಿ, ಅಣಿ ಕಟ್ಟಿ ದೈವವಾಗುತ್ತಾರೆ. ಆ ರಾತ್ರಿ ಗುತ್ತಿನ ಯಜಮಾನ ಕೈಮುಗಿದು ನಿಲ್ಲುತ್ತಾನೆ, ದೈವ ಗದರಿದರೆ ತಲೆ ತಗ್ಗಿಸುತ್ತಾನೆ. ಬೆಳಗಾಗುತ್ತದೆ. ಬಣ್ಣ ತೊಳೆದವನು ಮತ್ತೆ ಅಂಗಳದ ಆಚೆ. ಒಂದು ರಾತ್ರಿಯ ಮಟ್ಟಿಗೆ ಕೊಟ್ಟ ಅಧಿಕಾರ ಹಗಲಿನ ವ್ಯವಸ್ಥೆಯನ್ನು ಅಲುಗಿಸಿತೋ, ಅಥವಾ ಅದನ್ನೇ ಗಟ್ಟಿ ಮಾಡಿತೋ? ‘ದಿ ಬ್ಲ್ಯಾಕ್ಸ್’ ಬಗ್ಗೆಯೂ ಇದೇ ಪ್ರಶ್ನೆ ಏಳುತ್ತದೆ. ಬರೆದವನು ಬಿಳಿಯ, ಟಿಕೆಟ್ ಕೊಂಡವರಲ್ಲಿ ಬಹಳ ಮಂದಿ ಬಿಳಿಯರು. ಆದರೂ ಒಂದು ವ್ಯತ್ಯಾಸ ಇದೆ. ಕೋಲ ಕಟ್ಟಿದವನಿಗೆ ಮರುದಿನ ಬೇರೆ ಪಾತ್ರವಿಲ್ಲ. ಆ ಕಪ್ಪು ಕಲಾವಿದರು ಅಲ್ಲಿಂದ ಬೇರೆ ಬೇರೆ ಪಾತ್ರಗಳಿಗೆ ನಡೆದರು. ಟೈಸನ್ 1962ರಲ್ಲಿ ಟ್ರಿನಿಡಾಡಿನ ಲೇಖಕ ಎರಲ್ ಜಾನ್ ಬರೆದ ‘ಮೂನ್ ಆನ್ ಎ ರೇನ್‌ಬೋ ಶಾಲ್’ ನಾಟಕದಲ್ಲಿ ಅಭಿನಯಿಸಿ ಹೆಸರು ಮಾಡಿದರು. ಪಾತ್ರ ಬದಲಾಯಿಸುವ ಸ್ವಾತಂತ್ರ್ಯವೇ ನಟನೆಯನ್ನು ಕುಲಕಸುಬಿನಿಂದ ಬೇರ್ಪಡಿಸುವ ಗೆರೆ.

4

1963ರಲ್ಲಿ ಸಿಬಿಎಸ್ ವಾಹಿನಿಯಲ್ಲಿ ‘ಈಸ್ಟ್ ಸೈಡ್ / ವೆಸ್ಟ್ ಸೈಡ್’ ಎಂಬ ಸರಣಿ ಬಂತು. ನ್ಯೂಯಾರ್ಕಿನ ಬಡವರ ನಡುವೆ ಕೆಲಸ ಮಾಡುವ ಸಮಾಜ ಕಾರ್ಯಕರ್ತನ ಕತೆ. ಮುಖ್ಯ ನಟ ಜಾರ್ಜ್ ಸಿ. ಸ್ಕಾಟ್. ಅವನ ಕಚೇರಿಯ ಕಾರ್ಯದರ್ಶಿ ಜೇನ್ ಫಾಸ್ಟರ್ ಆಗಿ ಟೈಸನ್. ಗಂಭೀರ ನಾಟಕೀಯ ಸರಣಿಯೊಂದರಲ್ಲಿ ವಾರವಾರವೂ ಕಾಣಿಸಿಕೊಂಡ ಮೊದಲ ಕಪ್ಪು ನಟಿ ಈಕೆ ಎಂದು ಚರಿತ್ರೆ ಬರೆಯುವವರು ಹೇಳುತ್ತಾರೆ. ಸೌಟು ಹಿಡಿದಿಲ್ಲ, ಪೊರಕೆ ಹಿಡಿದಿಲ್ಲ. ಕಚೇರಿಯ ಮೇಜಿನ ಹಿಂದೆ ಕೂತ ಓದಿದ ಹೆಂಗಸು. ಇಷ್ಟೇ ಸಂಗತಿ ಆ ಕಾಲಕ್ಕೆ ದೊಡ್ಡದಾಗಿತ್ತು.

ಅದಕ್ಕಿಂತ ದೊಡ್ಡ ಸಂಗತಿ ಆಕೆಯ ಕೂದಲು. ಅಂದಿನ ಕಪ್ಪು ಹೆಂಗಸರು ಬಿಸಿ ಕಬ್ಬಿಣದ ಬಾಚಣಿಗೆಯಿಂದ, ರಾಸಾಯನಿಕಗಳಿಂದ ಗುಂಗುರು ಕೂದಲನ್ನು ನೇರ ಮಾಡಿಕೊಳ್ಳುತ್ತಿದ್ದರು. ಬಿಳಿಯರ ಕೂದಲಿನಂತೆ ಕಾಣದೆ ಕೆಲಸ ಸಿಗುತ್ತಿರಲಿಲ್ಲ. ಟೈಸನ್ ಅದಕ್ಕೂ ಮುಂಚೆ ಒಂದು ಟೆಲಿವಿಷನ್ ನಾಟಕದ ಪಾತ್ರಕ್ಕಾಗಿ ಕೂದಲನ್ನು ಗಿಡ್ಡ ಕತ್ತರಿಸಿ ಹುಟ್ಟುಗುಂಗುರನ್ನು ಹಾಗೇ ಬಿಟ್ಟಿದ್ದರು. ಈ ಸರಣಿಯಲ್ಲೂ ಹಾಗೆಯೇ ಕಾಣಿಸಿಕೊಂಡರು. ಕೂದಲು ಅಲಂಕರಿಸುವ ಅಂಗಡಿಗಳವರು ಆಕೆಗೆ ಪತ್ರ ಬರೆದರಂತೆ, ನಿಮ್ಮಿಂದ ನಮ್ಮ ವ್ಯಾಪಾರ ಕೆಡುತ್ತಿದೆ, ಗಿರಾಕಿಗಳು ನಿಮ್ಮ ಹಾಗೆ ಕತ್ತರಿಸಿ ಅಂತಿದ್ದಾರೆ ಎಂದು. ಒಂದು ಭಾಷಣವಿಲ್ಲ, ಒಂದು ಘೋಷಣೆಯಿಲ್ಲ. ಕನ್ನಡಿಯ ಮುಂದೆ ನಿಂತ ಸಾವಿರಾರು ಹೆಣ್ಣುಮಕ್ಕಳಿಗೆ ತಮ್ಮ ತಲೆಯ ಮೇಲಿನದ್ದು ತಮ್ಮದೇ ಎನ್ನಿಸಿತು.

ಆ ಸರಣಿಯಲ್ಲಿ ಹಾರ್ಲೆಮ್‌ನ ಕೊಳಕು ಮನೆಯೊಂದರಲ್ಲಿ ಇಲಿ ಕಚ್ಚಿ ಮಗು ಸಾಯುವ ಕಂತೊಂದಿದೆ. ದಕ್ಷಿಣದ ಕೆಲವು ಕೇಂದ್ರಗಳು ಅದನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ಒಟ್ಟು 26 ಕಂತಿಗೆ, 1964ರಲ್ಲಿ, ಸರಣಿಯೇ ನಿಂತಿತು. ಕಪ್ಪು ಮುಖವನ್ನು ಸಹಿಸಿಕೊಂಡರೂ ಕಪ್ಪು ಮುಖ ಹೇಳುವ ನಿಜವನ್ನು ಪೇಟೆ ಸಹಿಸುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

5

ಆಮೇಲಿನ ವರ್ಷಗಳಲ್ಲಿ ಆಕೆಗೆ ತಕ್ಕ ಕೆಲಸ ಸಿಕ್ಕಿದ್ದು ಕಡಿಮೆ. ಎಪ್ಪತ್ತರ ಆರಂಭದಲ್ಲಿ ಕಪ್ಪು ಪ್ರೇಕ್ಷಕರನ್ನೇ ಗುರಿಯಿಟ್ಟ ಸಿನಿಮಾಗಳ ಅಲೆ ಎದ್ದಿತು. 1971ರ ‘ಶಾಫ್ಟ್’, 1972ರ ‘ಸೂಪರ್ ಫ್ಲೈ’ ಆ ಬಗೆಯವು. ಬಂದೂಕು, ಮಾದಕ ವಸ್ತು, ವೇಶ್ಯೆಯರು. ನಾಯಕ ಕಪ್ಪು, ಗಲ್ಲಾಪೆಟ್ಟಿಗೆ ಬಹುಪಾಲು ಬಿಳಿ. ಟೈಸನ್ ಅವುಗಳಿಂದ ದೂರ ಉಳಿದರು. 1972ರಲ್ಲಿ ಬಂದ ‘ಸೌಂಡರ್’ ಚಿತ್ರದಲ್ಲಿ ರೆಬೆಕಾ ಆದರು.

‘ಸೌಂಡರ್’ 1930ರ ದಶಕದ ಲೂಸಿಯಾನಾದ ಒಂದು ಗೇಣಿ ಕುಟುಂಬದ ಕತೆ. ನೆಲ ಒಡೆಯನದು, ದುಡಿಮೆ ಇವರದು, ಲೆಕ್ಕದ ಪುಸ್ತಕ ಅವನ ಕೈಯಲ್ಲಿ. ಮಕ್ಕಳ ಹಸಿವು ನೋಡಲಾರದೆ ಅಪ್ಪ ಮಾಂಸ ಕದಿಯುತ್ತಾನೆ, ದೂರದ ಕೂಲಿ ಜೈಲಿಗೆ ಹೋಗುತ್ತಾನೆ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೆಳೆ ತೆಗೆಯುತ್ತಾಳೆ. ಗಂಡ ಕುಂಟುತ್ತ ದೂರದ ರಸ್ತೆಯಲ್ಲಿ ಕಂಡಾಗ ರೆಬೆಕಾ ಓಡುವ ಓಟ ಇದೆಯಲ್ಲ, ಅದನ್ನು ಕಂಡವರು ಮರೆಯುವುದಿಲ್ಲ. ಮಾತಿಲ್ಲದ ಆ ಓಟದಲ್ಲಿ ಒಂದು ಜನಾಂಗದ ಸಂಸಾರ ಪ್ರೀತಿ ಇದೆ. ಗುಲಾಮಗಿರಿ ಒಡೆಯಲು ನೋಡಿ ಒಡೆಯಲಾಗದೆ ಉಳಿದದ್ದು ಅದು. ಈ ಪಾತ್ರಕ್ಕೆ ಟೈಸನ್ ಆಸ್ಕರ್‌ಗೆ ನಾಮಕರಣಗೊಂಡರು, ಪ್ರಶಸ್ತಿ ಬರಲಿಲ್ಲ.

ಈ ಚಿತ್ರದ ಪ್ರಚಾರಕ್ಕೆ ಊರೂರು ತಿರುಗುವಾಗ ನಡೆದ ಒಂದು ಘಟನೆಯನ್ನು ಟೈಸನ್ ಹಲವು ಸಲ ಹೇಳಿಕೊಂಡಿದ್ದಾರೆ. ಬಿಳಿಯನೊಬ್ಬ ಎದ್ದು, ಚಿತ್ರದ ಹುಡುಗ ತನ್ನ ತಂದೆಯನ್ನು ‘ಡ್ಯಾಡಿ’ ಎಂದು ಕರೆಯುವುದು ತನಗೆ ಹೇಗೆಹೇಗೋ ಆಯಿತು, ಯಾಕೆಂದರೆ ತನ್ನ ಮಗನೂ ತನ್ನನ್ನು ಹಾಗೇ ಕರೆಯುತ್ತಾನೆ ಎಂದನಂತೆ. ಅವನು ಬೈಯಲಿಲ್ಲ. ತನಗೆ ಅನ್ನಿಸಿದ್ದನ್ನು ಪ್ರಾಮಾಣಿಕವಾಗಿ ಹೇಳಿದ. ಅದೇ ಭಯಂಕರ. ಕಪ್ಪು ಮನುಷ್ಯ ಅಪ್ಪನಾಗಿರಬಲ್ಲ, ಅವನನ್ನೂ ಮಗು ಅಪ್ಪಾ ಎಂದೇ ಕರೆಯುತ್ತದೆ ಎಂಬುದು ಅವನ ಕಲ್ಪನೆಗೆ ಬಂದಿರಲೇ ಇಲ್ಲ. ಇನ್ನು ಮುಂದೆ ತನ್ನ ನಟನೆ ಬರೀ ಹೊಟ್ಟೆಪಾಡಾಗಬಾರದು ಎಂದು ಆಕೆ ತೀರ್ಮಾನಿಸಿದ್ದು ಆಗ.

ನಮ್ಮ ಕಡೆ ತೋಟದ ಬಂಗಲೆಯ ಆರು ವರ್ಷದ ಮಗು ಅರವತ್ತು ವರ್ಷದ ಆಳನ್ನು ‘ಬಾರೋ ಇಲ್ಲಿ’ ಎಂದು ಕರೆಯುತ್ತಿದ್ದ ಕಾಲವನ್ನು ನಾನು ಲೈನಿನಲ್ಲಿ ನಿಂತು ನೋಡಿದ್ದೇನೆ. ಆ ಮಗುವಿಗೆ ಕೆಟ್ಟ ಬುದ್ಧಿ ಇರಲಿಲ್ಲ. ಆ ಮುದುಕನೂ ಯಾರಿಗೋ ತಾತ ಎಂದು ಅದಕ್ಕೆ ಯಾರೂ ತೋರಿಸಿಕೊಟ್ಟಿರಲಿಲ್ಲ, ಅಷ್ಟೆ. ತೋರಿಸುವ ಕೆಲಸ ಯಾರದು? ಶಾಲೆಯ ಪಾಠ ತೋರಿಸದಿದ್ದರೆ ಕತೆ, ನಾಟಕ, ಟೀವಿ ತೋರಿಸಬೇಕು. ಟೈಸನ್ ಹಿಡಿದದ್ದು ಆ ಕೆಲಸ.

6

1974ರಲ್ಲಿ ‘ದಿ ಆಟೋಬಯಾಗ್ರಫಿ ಆಫ್ ಮಿಸ್ ಜೇನ್ ಪಿಟ್‌ಮನ್’ ಎಂಬ ಟೆಲಿವಿಷನ್ ಚಿತ್ರ ಬಂತು. ಅರ್ನೆಸ್ಟ್ ಗೇನ್ಸ್ 1971ರಲ್ಲಿ ಬರೆದ ಕಾದಂಬರಿ ಇದರ ಮೂಲ. ಗುಲಾಮಳಾಗಿ ಹುಟ್ಟಿ, 110 ವರ್ಷ ಬದುಕಿ, 1960ರ ದಶಕದ ನಾಗರಿಕ ಹಕ್ಕುಗಳ ಚಳವಳಿಯನ್ನು ಕಣ್ಣಾರೆ ಕಾಣುವ ಹೆಂಗಸಿನ ಕಲ್ಪಿತ ಜೀವನಕಥೆ. ಟೈಸನ್ ಇಪ್ಪತ್ತರ ಹರೆಯದಿಂದ ನೂರಾಹತ್ತರ ಮುದಿತನದವರೆಗೂ ತಾವೇ ಆಡಿದರು. ವೃದ್ಧಾಶ್ರಮಗಳಿಗೆ ಹೋಗಿ ಮುದುಕಿಯರು ಹೇಗೆ ಏಳುತ್ತಾರೆ, ಹೇಗೆ ನುಂಗುತ್ತಾರೆ, ಹೇಗೆ ನೆನಪು ಹುಡುಕುತ್ತಾರೆ ಎಂದು ನೋಡಿಕೊಂಡು ಬಂದರು. ಮುಖಕ್ಕೆ ಮುದಿತನ ಅಂಟಿಸಲು ದಿನಕ್ಕೆ ಗಂಟೆಗಟ್ಟಲೆ ಕೂರಬೇಕಾಗುತ್ತಿತ್ತು. ಚಿತ್ರಕ್ಕೆ ಒಂಬತ್ತು ಎಮ್ಮಿ ಪ್ರಶಸ್ತಿ ಬಂದವು, ಅವುಗಳಲ್ಲಿ ಎರಡು ಟೈಸನ್‌ರದು.

ಚಿತ್ರದ ಕೊನೆಗೆ ಆ ಮುದುಕಿ ಕೋಲೂರಿಕೊಂಡು ನ್ಯಾಯಾಲಯದ ಮುಂದಿನ, ಬಿಳಿಯರಿಗಷ್ಟೇ ಮೀಸಲಾದ ನೀರಿನ ನಲ್ಲಿಯತ್ತ ಒಂದೊಂದೇ ಹೆಜ್ಜೆ ಇಡುತ್ತಾಳೆ. ಪೊಲೀಸರು ನೋಡುತ್ತಿದ್ದಾರೆ. ಅವಳು ಬಗ್ಗುತ್ತಾಳೆ, ಒಂದು ಗುಟುಕು ಕುಡಿಯುತ್ತಾಳೆ, ತಿರುಗಿ ನಡೆಯುತ್ತಾಳೆ. ಅಷ್ಟೇ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಇಳಿದು ಅಂಬೇಡ್ಕರ್ ಬೊಗಸೆಯಲ್ಲಿ ನೀರು ಎತ್ತಿದ್ದನ್ನು ಬಲ್ಲ ನಮಗೆ ಈ ದೃಶ್ಯಕ್ಕೆ ಯಾವ ಟಿಪ್ಪಣಿಯೂ ಬೇಡ. ನೀರಿನ ರುಚಿ ಅಲ್ಲಿ ಮುಖ್ಯವಲ್ಲ. ಅಂಬೇಡ್ಕರ್ 1946ರಲ್ಲಿ ಕಪ್ಪು ಚಿಂತಕ ಡು ಬಾಯ್ಸ್‌ಗೆ ಪತ್ರ ಬರೆದಿದ್ದರು. ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕಳಿಸಿಕೊಡಿ ಎಂದು ಕೇಳಿದ್ದರು. 1972ರಲ್ಲಿ ಮುಂಬಯಿಯ ಹುಡುಗರು ‘ದಲಿತ ಪ್ಯಾಂಥರ್ಸ್’ ಎಂದು ಹೆಸರಿಟ್ಟುಕೊಂಡರು. ಆ ನಂಟಿನಲ್ಲಿ ಪತ್ರಗಳಿವೆ, ಘೋಷಣೆಗಳಿವೆ. ಒಬ್ಬ ನಟಿಯ ನಿಧಾನ ನಡಿಗೆಯನ್ನೂ ಅದಕ್ಕೆ ಸೇರಿಸಿಕೊಳ್ಳಬೇಕು.

1977ರ ‘ರೂಟ್ಸ್’ ಸರಣಿಯಲ್ಲಿ ಟೈಸನ್ ಕುಂಟಾ ಕಿಂಟೆಯ ತಾಯಿ ಬಿಂಟಾ ಆದರು. 1978ರಲ್ಲಿ ಗುಲಾಮರನ್ನು ಬಿಡಿಸಿ ಕರೆತಂದ ಹ್ಯಾರಿಯೆಟ್ ಟಬ್‌ಮನ್ ಆದರು, ಅದೇ ವರ್ಷ ಕೊರೆಟಾ ಕಿಂಗ್ ಕೂಡ ಆದರು. ಒಂದೇ ದಶಕದಲ್ಲಿ ಒಬ್ಬ ನಟಿಯ ಮೈಯೊಳಗೆ ಒಂದು ಜನಾಂಗದ ಇನ್ನೂರು ವರ್ಷದ ಹೆಂಗಸರು ಬಂದು ಹೋದರು.

7

ಇಲ್ಲಿ ಒಂದು ತಕರಾರನ್ನು ಎದುರಿಸಬೇಕು. ಘನತೆಯ ಪಾತ್ರವನ್ನಷ್ಟೇ ಮಾಡುತ್ತೇನೆ ಎಂದರೆ ಉಳಿದವರ ಪಾಡೇನು? ಕುಡಿದು ಬೀಳುವವನು, ಕದಿಯುವವನು, ಮೈ ಮಾರಿಕೊಳ್ಳುವವಳು ನಮ್ಮ ಕೇರಿಯಲ್ಲಿ ಇಲ್ಲವೆ? ಅವರ ಕತೆ ಹೇಳಬೇಡವೆ? ದಲಿತ ಸಾಹಿತ್ಯದ ಶಕ್ತಿಯೇ ಅವರನ್ನು ತೊಳೆದು ಬಳಿದು ತೋರಿಸದೆ ಇದ್ದ ಹಾಗೆ ತಂದದ್ದರಲ್ಲಿದೆ. ದೇವನೂರರ ‘ಕುಸುಮಬಾಲೆ’ಯಲ್ಲಿ ಪೂಜೆಗೆ ಕೂರಿಸಬಹುದಾದ ವಿಗ್ರಹಗಳಿಲ್ಲ, ಮನುಷ್ಯರಿದ್ದಾರೆ. ಎಲ್ಲರೂ ಒಳ್ಳೆಯವರಾಗಿಯೇ ಕಾಣಬೇಕೆಂಬ ಹಟವೂ ಒಂದು ಬಗೆಯ ಸೆರೆಯಲ್ಲವೆ?

ತಕರಾರು ಸರಿಯಾದದ್ದೇ. ಆದರೆ ಟೈಸನ್‌ರ ಆಯ್ಕೆಗಳನ್ನು ಹತ್ತಿರದಿಂದ ನೋಡಿದರೆ ಉತ್ತರ ಸಿಗುತ್ತದೆ. ರೆಬೆಕಾ ಗೇಣಿದಾರನ ಹೆಂಡತಿ, ಬಟ್ಟೆ ಒಗೆದು ಬದುಕುವವಳು. ಜೇನ್ ಪಿಟ್‌ಮನ್ ಮಾಡದ ಕೂಲಿಯಿಲ್ಲ. 1994ರಲ್ಲಿ ಟೈಸನ್‌ಗೆ ಮತ್ತೊಂದು ಎಮ್ಮಿ ತಂದದ್ದು ಒಬ್ಬ ಮನೆಗೆಲಸದಾಕೆಯ ಪಾತ್ರ. 2011ರ ‘ದಿ ಹೆಲ್ಪ್’ ಚಿತ್ರದಲ್ಲೂ ಅಂಥದ್ದೇ. ಹಾಗಾದರೆ ಆಕೆ ಒಲ್ಲೆನೆಂದದ್ದು ಯಾವುದನ್ನು? ಮನೆಗೆಲಸವನ್ನಲ್ಲ. ಅವ್ವ ಮಾಡಿದ ಕೆಲಸಕ್ಕೆ ನಾಚಿಕೆ ಪಟ್ಟವರಲ್ಲ ಆಕೆ. ಬೇರೆಯವರ ಕತೆಯಲ್ಲಿ ಬಂದು, ಬೇರೆಯವರನ್ನು ನಗಿಸಿ ಅಥವಾ ಸಂತೈಸಿ, ತನ್ನದೇ ಕತೆಯಿಲ್ಲದೆ ಹೋಗಿಬಿಡುವ ಪಾತ್ರವನ್ನು ಒಲ್ಲೆನೆಂದರು. ಕೆಲಸದಾಕೆಗೆ ಮನೆ ಎಲ್ಲಿದೆ, ಅವಳ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಅವಳು ಸಿಟ್ಟು ಬಂದಾಗ ಏನು ಮಾಡುತ್ತಾಳೆ? ಇಷ್ಟು ಇದ್ದರೆ ಅದು ಪಾತ್ರ, ಇಲ್ಲದಿದ್ದರೆ ಅದು ಪೀಠೋಪಕರಣ. ನಮ್ಮ ಧಾರಾವಾಹಿಗಳ ಕೆಲಸದ ನಿಂಗಿ, ಕೆಂಚಿಯರನ್ನು ಈ ಅಳತೆಗೆ ಹಿಡಿದು ನೋಡಿ. ಅವರಿಗೆ ಕೇರಿಯ ಭಾಷೆ ಕೊಟ್ಟಿರುತ್ತಾರೆ, ನಗಿಸೋದಕ್ಕೆ. ಕೇರಿಯ ಬದುಕು ಕೊಟ್ಟಿರೋದಿಲ್ಲ.

8

ಇಷ್ಟೆಲ್ಲ ದೂರದ ಮಾತಾಯಿತು, ನಮ್ಮದೇನು ಎಂದು ಓದುಗರು ಕೇಳಬಹುದು.

ಕೇರಳದ ಪಿ.ಕೆ. ರೋಸಿಯ ಕತೆ ಮೊದಲು. ದಲಿತ ಹೆಣ್ಣುಮಗಳು. ಮಲಯಾಳದ ಮೊದಲ ಚಿತ್ರ, ಜೆ.ಸಿ. ಡೇನಿಯಲ್ ಅವರ ‘ವಿಗತಕುಮಾರನ್’ನಲ್ಲಿ ನಾಯರ್ ಹೆಣ್ಣಿನ ಪಾತ್ರ ಮಾಡಿದಳು. 1930ರ ಆಸುಪಾಸಿನ ಮಾತು. ಪುಲಯರ ಹುಡುಗಿ ನಾಯರ್ ಹೆಂಗಸಾಗಿ ತೆರೆಯ ಮೇಲೆ ಬರುವುದೆ? ತೆರೆಗೆ ಕಲ್ಲು ಬಿತ್ತು. ಅವಳ ಗುಡಿಸಲಿಗೆ ಬೆಂಕಿ ಬಿತ್ತೆಂದು ಹೇಳುತ್ತಾರೆ. ಅವಳು ತಮಿಳು ಸೀಮೆಗೆ ಓಡಿಹೋಗಿ ಬೇರೆ ಹೆಸರಿನಲ್ಲಿ ಬಾಳಿ ಮುಗಿಸಿದಳು. ಮ್ಯಾಕ್‌ಡೇನಿಯಲ್‌ಗೆ ಬೇರೆ ಮೇಜಾದರೂ ಹಾಕಿದರು. ರೋಸಿಗೆ ನಾಡೇ ಇಲ್ಲವಾಯಿತು. ಕೆಳಗಿನವಳು ಕೆಳಗಿನವಳನ್ನೇ ಆಡಿದರೆ ಸಮಾಜಕ್ಕೆ ತೊಂದರೆಯಿಲ್ಲ. ಮೇಲಿನವಳನ್ನು ಆಡಿದರೆ ಮೇಲು ಎಂಬುದು ವೇಷ ಎಂದು ಬಯಲಾಗುತ್ತದೆ. ಕಲ್ಲು ಬಿದ್ದದ್ದು ಅದಕ್ಕೆ.

ಇನ್ನು ಕನ್ನಡದ್ದು. ಕಾರಂತರ ‘ಚೋಮನ ದುಡಿ’ 1933ರ ಕಾದಂಬರಿ. ಚೋಮನ ಮಕ್ಕಳು ಸಾಲ ತೀರಿಸಲು ಹೋಗುವುದು ಘಟ್ಟದ ಮೇಲಿನ ಕಾಫಿ ತೋಟಕ್ಕೆ. ಬೆಳ್ಳಿಯ ಮೈ ಅಪ್ಪನ ಸಾಲಕ್ಕೆ ಒತ್ತೆಯಾಗುವುದೂ ಅಲ್ಲೇ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಚಿತ್ರ ಮಾಡಿದರು, ಸ್ವರ್ಣಕಮಲ ಬಂತು. ಚೋಮನಾದ ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಬೆಳ್ಳಿಯಾಗಿ ಪದ್ಮಾ ಕುಮಟಾ ಅಭಿನಯಿಸಿದರು. ಪಳಗಿದ ಕಲಾವಿದರು, ಅವರ ಅಭಿನಯದ ಬಗ್ಗೆ ನನ್ನದು ಯಾವ ತಕರಾರೂ ಇಲ್ಲ. ನನ್ನ ಪ್ರಶ್ನೆ ನಮ್ಮ ವಿಮರ್ಶೆಗೆ. ಚೋಮನ ದುಃಖದ ಬಗ್ಗೆ ಪುಟಗಟ್ಟಲೆ ಬರೆದ ನಾವು, ಬೆಳ್ಳಿಯ ಹಾಗೆ ಕಾಫಿ ಕುಯ್ದ ಹುಡುಗಿಯೊಬ್ಬಳು ಬೆಳ್ಳಿಯನ್ನು ಆಡಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೊಂಡೆವೆ? ಆ ಹುಡುಗಿಗೆ ನಟನೆ ಕಲಿಸುವ ಶಾಲೆ ಎಲ್ಲಿತ್ತು ಎಂದು ಕೇಳಿದೆವೆ?

ಇದಕ್ಕೆ ಉತ್ತರದ ಒಂದು ತುಣುಕು ಉತ್ತರ ಕನ್ನಡದಲ್ಲಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡುಗಳಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ತಂದ ಆಫ್ರಿಕದವರ ಸಂತತಿ. ಡಮಾಮಿ ಬಾರಿಸಿ ಕುಣಿಯುವ ಜನ. ಕೊಂಕಣಿ, ಕನ್ನಡ ಅವರ ಮಾತು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ತಂಡದ ಚಿದಂಬರರಾವ್ ಜಂಬೆ ಅವರು ಮಂಚಿಕೇರಿಯ ಸಿದ್ದಿಗಳಿಂದಲೇ ‘ಕಪ್ಪು ಜನ ಕೆಂಪು ನೆರಳು’ ನಾಟಕ ಆಡಿಸಿದರು. ನೈಜೀರಿಯದ ಚಿನುವ ಅಚಿಬೆಯ ಕಾದಂಬರಿಯ ರಂಗರೂಪ ಅದು. ನೂರಾರು ವರ್ಷ ಹಿಂದೆ ಹಡಗು ಹತ್ತಿಸಿದ ಜನರ ಮೊಮ್ಮಕ್ಕಳು ತಮ್ಮ ಮೂಲ ಖಂಡದ ಕತೆಯನ್ನು ಕನ್ನಡದಲ್ಲಿ ಆಡಿದರು. ಮುಂದೆ ಅದೇ ನೀನಾಸಂನಲ್ಲಿ ಕಲಿತ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿಯಂಥವರು ರಂಗಕ್ಕೆ, ಹಾಡಿಗೆ, ತೆರೆಗೆ ಬಂದರು. ಗುಂಗುರು ಕೂದಲಿನ ಹೆಣ್ಣುಮಗಳೊಬ್ಬಳು ಕನ್ನಡದ ರಂಗದ ಮೇಲೆ ನಿಂತಾಗ ಟೈಸನ್‌ರ 1963ರ ಮುಖ ನೆನಪಾಗುವುದು ಸಹಜ. ಇನ್ನೊಂದು ದಾರಿ ದು. ಸರಸ್ವತಿಯವರದು. ‘ಸಣ್ತಿಮ್ಮಿ ರಾಮಾಯಣ’ವನ್ನು ತಾವೇ ಕಟ್ಟಿ, ತಾವೇ ಒಬ್ಬರೇ ನಿಂತು ಆಡುವವರು. ಪಾತ್ರ ಕೊಡಿ ಎಂದು ಯಾರ ಬಾಗಿಲಿಗೂ ಹೋಗದೆ, ರಾಮಾಯಣವನ್ನೇ ತನ್ನ ಮಾತಿಗೆ ತಿರುಗಿಸಿಕೊಳ್ಳುವ ದಾರಿ ಅದು.

9

2013ರಲ್ಲಿ, ಮೂವತ್ತು ವರ್ಷದ ನಂತರ ಟೈಸನ್ ಬ್ರಾಡ್‌ವೇ ರಂಗಕ್ಕೆ ಮರಳಿದರು. ಹಾರ್ಟನ್ ಫೂಟ್ ಬರೆದ ‘ದಿ ಟ್ರಿಪ್ ಟು ಬೌಂಟಿಫುಲ್’ ನಾಟಕ. ಪಟ್ಟಣದ ಇಕ್ಕಟ್ಟಿನ ಮನೆಯಲ್ಲಿ ಮಗ ಸೊಸೆಯ ಜೊತೆಗಿರುವ ಮುದುಕಿ ಸಾಯುವ ಮುಂಚೆ ಒಮ್ಮೆ ತನ್ನ ಹಳ್ಳಿ ನೋಡಬೇಕೆಂದು ಓಡಿಹೋಗುವ ಕತೆ. ಆವರೆಗೆ ಬಿಳಿಯ ನಟಿಯರ ಹೆಸರಿಗೆ ಅಂಟಿಕೊಂಡಿದ್ದ ಪಾತ್ರ ಅದು. ಅದನ್ನು ಮಾಡಿದ ಜೆರಾಲ್ಡೀನ್ ಪೇಜ್‌ಗೆ 1985ರ ಚಿತ್ರಕ್ಕಾಗಿ ಆಸ್ಕರ್ ಬಂದಿತ್ತು. ಆ ಚಿತ್ರ ನೋಡಿದ ದಿನವೇ ಟೈಸನ್ ತನಗೂ ಅಂಥದೊಂದು ಪಾತ್ರ ಬೇಕೆಂದಿದ್ದರಂತೆ. ಕಾಯಲು ಕಾಲು ಶತಮಾನ ಹಿಡಿಯಿತು. ನಾಟಕದ ನಡುವೆ ಆಕೆ ಚರ್ಚಿನ ಹಾಡು ಎತ್ತಿಕೊಂಡಾಗ ಪ್ರೇಕ್ಷಕರೂ ಕೂತಲ್ಲಿಂದಲೇ ದನಿಗೂಡಿಸುತ್ತಿದ್ದರು. 88ನೆಯ ವಯಸ್ಸಿನಲ್ಲಿ ಆಕೆಗೆ ಟೋನಿ ಪ್ರಶಸ್ತಿ ಬಂತು. 2016ರಲ್ಲಿ ಅಧ್ಯಕ್ಷ ಒಬಾಮಾ ಸ್ವಾತಂತ್ರ್ಯ ಪದಕ ಕೊಟ್ಟರು, 2018ರಲ್ಲಿ ಗೌರವ ಆಸ್ಕರ್ ಬಂತು. ಆತ್ಮಕಥೆ ಪ್ರಕಟವಾದದ್ದು 2021ರ ಜನವರಿ 26ರಂದು. ಎರಡು ದಿನಕ್ಕೆ ಆಕೆ ಹೋದರು.

ಬಿಳಿಯ ಮುದುಕಿಯ ಊರಿನ ಹಂಬಲವನ್ನು ಕಪ್ಪು ಮುದುಕಿ ಆಡಿದಾಗ ನಾಟಕದ ಮಾತು ಹೆಚ್ಚೇನೂ ಬದಲಾಗಲಿಲ್ಲ, ಅರ್ಥ ಬದಲಾಯಿತು. ಊರಿಗೆ ಮರಳಬೇಕು ಅನ್ನೋದು ಒಬ್ಬರಿಗೆ ನೆನಪು. ನೆಲ ಕಳೆದುಕೊಂಡವರಿಗೆ, ನೆಲವೇ ಇಲ್ಲದವರಿಗೆ ಅದು ಹಕ್ಕಿನ ಮಾತು. ಕಾಫಿ ಸೀಮೆಯ ಲೈನು ಮನೆಗಳಲ್ಲಿ ಮೂರು ತಲೆಮಾರು ಹುಟ್ಟಿ ಸತ್ತರೂ ‘ನಿಮ್ಮೂರು ಯಾವುದು’ ಎಂದರೆ ತೋಟದ ಹೆಸರು ಹೇಳಬೇಕಾದ ಜನ ಇದ್ದಾರೆ. ಆ ಹೆಂಗಸರಲ್ಲಿ ಒಬ್ಬಳು ಈ ಪಾತ್ರವನ್ನು ಕನ್ನಡದಲ್ಲಿ ಆಡಿದರೆ ಅದರ ಅರ್ಥ ಇನ್ನೊಂದು ಸುತ್ತು ಬದಲಾಗುತ್ತದೆ. ಅದನ್ನು ಗುರುತಿಸಿ ಬರೆಯುವ ವಿಮರ್ಶಕ ಅಲ್ಲಿ ಕೂತಿರಬೇಕು. ಆಮೇಲೆ ಆತ ಅವಳನ್ನು ‘ಸಹಜ ಪ್ರತಿಭೆ’ ಎಂದು ಹೊಗಳಿ ಕೈತೊಳೆದುಕೊಳ್ಳಬಾರದು. ಅವಳು ಎಷ್ಟು ದಿನ ಕಲಿತಳು, ತಾಲೀಮಿನ ದಿನದ ಕೂಲಿ ಯಾರು ಕೊಟ್ಟರು, ಮುಂದಿನ ಪಾತ್ರ ಏನು ಸಿಕ್ಕಿತು ಎಂದು ಕೇಳಬೇಕು.